ವ್ಯವಹಾರದ ಸ್ಥಳ

ಏಜೆಂಟ್ ಲೈಸೆನ್ಸಿನ ಫಾರಂ ಕೇಳಿತು: ವ್ಯವಹಾರದ ಸ್ಥಳ.
ಸೈಬರ್ ಸೆಂಟರಿನ ಇಮ್ದಾದ್ ನನ್ನ ಮುಖ ನೋಡಿದ.
ನಾನು ಹೊರಗೆ ನಿಲ್ಲಿಸಿದ್ದ ಸ್ಕೂಟಿ ನೋಡಿದೆ.

ಹದಿನಾರು ವರ್ಷದಿಂದ ಅದರ ಸೀಟಿನ ಕೆಳಗೇ ನನ್ನ ಆಫೀಸು:
ಬೀಗದಕೈಗಳು, ಒಂದೊಂದಕ್ಕೆ ಒಂದೊಂದು ದಾರ,
ಗೋಪಾಳಕ್ಕೆ ಕೆಂಪು, ವಿನೋಬನಗರಕ್ಕೆ ಹಸಿರು,
ಗಾಡಿಕೊಪ್ಪದ ಬಿಳಿ ದಾರ ಈಗ ಯಾವ ಬಣ್ಣವೂ ಅಲ್ಲ.
ಯಾವ ಕ್ರಾಸಿಗೆ ನೀರು ಎಷ್ಟು ಹೊತ್ತಿಗೆ,
ಯಾವ ಓನರು ಮೊದಲು ಜಾತಿ ಕೇಳಿ
ಆಮೇಲೆ ಬಾಡಿಗೆ ಹೇಳುತ್ತಾನೆ,
ಯಾವ ಸೈಟಿನ ಪೂರ್ವದ ಕಲ್ಲು
ರಾತ್ರೋರಾತ್ರಿ ಮೂರು ಅಡಿ ನಡೆದುಹೋಗಿದೆ,
ಎಲ್ಲ ಬಲ್ಲೆ. ಅದಕ್ಕೆ ಕಾಲಂ ಇಲ್ಲ.

ಆಧಾರ್‌ನಲ್ಲಿ ವನಜಾಕ್ಷಿ, ಪ್ಯಾನಿನಲ್ಲಿ ವನಜಾಕ್ಷಮ್ಮ.
"ಇವರಿಬ್ಬರಲ್ಲಿ ನೀವ್ಯಾರಕ್ಕ?" ಅಂದ ಇಮ್ದಾದ್.
ಬ್ರೋಕರ್ ವನಜಿ, ಅಂದೆ.
ಆ ಹೆಸರಿಗೆ ದಾಖಲೆ ಬೇಕಿಲ್ಲ,
ನಾನು ಬೆನ್ನು ತಿರುಗಿಸಿದರೆ ಸಾಕು.

ಅಫಿಡವಿಟ್ಟಿಗೆ ಒಂದು ದಿನ ಹೋಯಿತು.
ಫೀಸಿಗೆ ಚೀಟಿ ಕೂಗಿದೆ, ನಾಲ್ಕು ಸಾವಿರ ನಷ್ಟಕ್ಕೆ.
ಉಳಿದದ್ದು ವಿಳಾಸ. ಬಾಡಿಗೆ ಮನೆಯವಳಿಗೆ
ಓನರಿನ ಒಪ್ಪಿಗೆ ಪತ್ರ ಬೇಕಂತೆ.

ಬಸವಣ್ಯಪ್ಪ ಕೆಇಬಿಯ ಲೈನ್‌ಮನ್ ಆಗಿ ರಿಟೈರಾದವರು,
ಯಾವ ತಂತಿಯನ್ನೂ ಬರಿಗೈಲಿ ಮುಟ್ಟುವವರಲ್ಲ.
ಪತ್ರದ ತುದಿ ಹಿಡಿದರು, ಹಾಗೇ, ಎರಡೇ ಬೆರಳಲ್ಲಿ:
"ನಾಳೆ ಇದು ನನ್ನದೇ ಮನೆ ಅಂತ ಕೂತರೆ?"
ಹನ್ನೆರಡು ವರ್ಷ ಐದನೇ ತಾರೀಕು ತಪ್ಪದ ಬಾಡಿಗೆ
ನಮ್ಮಿಬ್ಬರ ನಡುವೆ ಸುಮ್ಮನೆ ನಿಂತಿತ್ತು.
ಆಮೇಲೆ ಅದೇನು ಲೆಕ್ಕ ಹಾಕಿದರೋ,
ಸಹಿ ಮಾಡಿದರು.

ಲೈಸೆನ್ಸು ಬಂದದ್ದು ಮಂಗಳವಾರ, ಮೊಬೈಲಿಗೆ.
ನಂಬರು ಎಷ್ಟು ಉದ್ದ ಅಂದರೆ
ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತ್ತು,
ಅದೂ ಪೂರ್ವಕ್ಕೆ, ಗೃಹಪ್ರವೇಶದಲ್ಲಿ ಉಕ್ಕಬೇಕಾದ ಹಾಗೆ.
ಕಲರ್ ಪ್ರಿಂಟು ತೆಗೆಸಿದೆ. ಲ್ಯಾಮಿನೇಷನ್ನಿಗೆ ಮೂವತ್ತು.
ಬಂದವರಿಗೆ ಕಾಣುವಂತೆ ತೂಗುಹಾಕಬೇಕು, ಇದು ನಿಯಮ.
ಗೋಡೆಗೆ ಹೊಸ ಮೊಳೆ ಹೊಡೆಯಬಾರದು, ಇದು ಕರಾರು.
ಫ್ರಿಜ್ಜಿನ ಮೇಲೆ ಒರಗಿಸಿಟ್ಟೆ.

ಗುರುವಾರ ಬಸವಣ್ಯಪ್ಪ ಬಂದರು.
ಫೋಟೋದಲ್ಲಿ ನನ್ನ ಎರಡೂ ಕಿವಿ ನೋಡಿದರು, ಸೀಲು ನೋಡಿದರು.
"ಎಲ್ಲಾ ಕಾನೂನು ಪ್ರಕಾರ ಆಯ್ತಲ್ಲ,
ಈ ಮನೇನೇ ಮೊದಲು ಮಾರಿಸಿಕೊಡಿ.
ಇದನ್ನ ನಿಮಗಿಂತ ಬಲ್ಲವರು ಯಾರಿದ್ದಾರೆ?"

ಬಲ್ಲೆ.
ಬಚ್ಚಲ ಚಿಲಕವನ್ನು ಒಂಚೂರು ಎತ್ತಿ ಜರುಗಿಸಬೇಕು.
ಮೂರನೇ ಮೆಟ್ಟಿಲು ಉಳಿದವಕ್ಕಿಂತ ಅರ್ಧ ಇಂಚು ಗಿಡ್ಡ.
ನಸುಕಿಗೆ ತಾಳಗುಪ್ಪದ ರೈಲು ಹೋಗುವಾಗ
ಸ್ಟ್ಯಾಂಡಿನ ಸ್ಟೀಲ್ ಲೋಟಗಳು ಒಂದನ್ನೊಂದು ಮಾತಾಡಿಸುತ್ತವೆ.
ನಡುಮನೆ ಗೋಡೆಯಲ್ಲಿ ಮೊಳಕೈ ಉದ್ದದ ಬಿರುಕು,
ಅದರ ಮೇಲೆ ಸಹಕಾರಿ ಬ್ಯಾಂಕಿನ ಕ್ಯಾಲೆಂಡರು.
ಬಿರುಕಿಗೆ ಕ್ಯಾಲೆಂಡರು ಹಾಕುವುದನ್ನು
ಈ ಊರಿನ ಅರ್ಧ ಓನರುಗಳಿಗೆ ಕಲಿಸಿದವಳು ನಾನೇ.

ನೋಡಲು ಬಂದವರು ಗಂಡ ಹೆಂಡತಿ,
ಇಬ್ಬರಿಗೂ ಗಾರ್ಮೆಂಟ್ಸಿನಲ್ಲಿ ಬೇರೆ ಬೇರೆ ಶಿಫ್ಟು.
ಆಕೆ ಮೊದಲು ಅಡುಗೆಮನೆ ಕಿಟಕಿ ತೆರೆದಳು.
ನಾನೂ ಅವತ್ತು ಅದನ್ನೇ ತೆರೆದಿದ್ದೆ.
ನನ್ನ ಕಮಿಷನ್ ಎರಡೂ ಕಡೆಯಿಂದ ಸೇರಿ ನೂರಕ್ಕೆ ಎರಡು.
ಅಂದರೆ ಈ ಮನೆಯಲ್ಲಿ ನೂರಕ್ಕೆ ಎರಡು ಪಾಲು ನನ್ನದು.
ಯಾವುದಿರಬಹುದು ಎಂದು ಯೋಚಿಸಿದೆ:
ಆ ಚಿಲಕ, ಆ ಮೆಟ್ಟಿಲು, ಅಷ್ಟಕ್ಕೇ ಮುಗಿಯಬಹುದು.

"ಮತ್ತೇನಾದರೂ ಹೇಳೋದಿದೆಯಾ ಮೇಡಂ?" ಅಂದ ಆತ.
ಹದಿನಾರು ವರ್ಷದಲ್ಲಿ ಮೇಡಂ ಅಂದವನು ಆತನೇ ಮೊದಲು.
ಬಸವಣ್ಯಪ್ಪ ಕೆಮ್ಮಿದರು.
ನಾನು ಕ್ಯಾಲೆಂಡರು ತೆಗೆದು ಕುರ್ಚಿಯ ಮೇಲಿಟ್ಟೆ.
ಓನರಿನದೇ ಹಳೆಯ ಮೊಳೆ, ಖಾಲಿ.
ಆಕೆ ಬಿರುಕಿನ ಉದ್ದಕ್ಕೂ ಹೆಬ್ಬೆರಳು ಎಳೆದಳು,
ಹೊಲಿಗೆ ನೋಡುವವಳ ಹಾಗೆ ನಿಧಾನ,
ಕಿರುಬೆರಳ ಉಗುರು ಒಳಗೆ ಹೋಗುತ್ತದಾ ಎಂದೂ ಪರೀಕ್ಷಿಸಿ
ನನ್ನ ಕಡೆ ತಿರುಗಿ
"ಇದಕ್ಕೆ ಎಷ್ಟು ಇಳಿಸ್ತಾರೆ?" ಅಂದಳು.